ಶರಣ ಸಮ್ಮೇಳನದ ಗೋಷ್ಠಿ ಕಟ್ಟುವುದು ಹೇಗೆ? ವಿಷಯ, ಪ್ರಬಂಧ, ಭಾಷಣಕಾರರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದೀಪಾವಳಿ ಮುಗಿಯುತ್ತಿದ್ದಂತೆ ನನಗೆ ಫೋನು ಬರತೊಡಗುತ್ತವೆ. "ಸರ, ನಮ್ಮ ತಾಲೂಕಿನ್ಯಾಗೂ ಒಂದು ಶರಣ ಸಮ್ಮೇಳನ ಮಾಡಬೇಕಂತೀವ್ರಿ. ಗೋಷ್ಠಿಗೆ ಯಾರನ್ನ ಕರೀಬೇಕು?" ನಾನು ಹೈಸ್ಕೂಲಿನಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದವನು. ಗದಗ ಸೀಮೆಯ ಸಮ್ಮೇಳನಗಳಲ್ಲಿ ಹದಿನೈದು ವರ್ಷದಿಂದ ಗೋಷ್ಠಿ ಸಮಿತಿಯ ಕಾಗದಪತ್ರ ನೋಡಿಕೊಂಡಿದ್ದೇನೆ. ಪೆಂಡಾಲು, ದಾಸೋಹ, ಮೆರವಣಿಗೆ ನನ್ನ ಖಾತೆಗೆ ಬರುವುದಿಲ್ಲ. ಮಠದ ಜಾತ್ರೆಯ ಕಾರ್ಯಕ್ರಮ ಬೇರೆ, ಗೃಹಸ್ಥ ಭಕ್ತರೇ ವಂತಿಗೆ ಹಾಕಿ ನಡೆಸುವ ಒಂದೆರಡು ದಿನದ ಸಮ್ಮೇಳನ ಬೇರೆ. ಇಲ್ಲಿ ಬರೆದಿರುವುದೆಲ್ಲ ಎರಡನೆಯದಕ್ಕೆ.

ಮೊದಲು ಯಾರನ್ನು ಕರೆಯಬೇಕು?

ಯಾರನ್ನೂ ಬೇಡ. ಮೊದಲ ಸಭೆಯಲ್ಲಿ ಒಂದೂ ಹೆಸರು ಎತ್ತಬಾರದು ಅಂತ ಕಟ್ಟು ಮಾಡಿಕೊಳ್ಳಿ. ಹೆಸರು ಬಂತೆಂದರೆ ಅವರ ಜಾತಿ ಪಂಗಡ ಯಾವುದು, ಯಾವ ಮಠದ ಕಡೆಯವರು, ಹೋದ ವರ್ಷ ಯಾರಿಗೆ ಏನೆಂದಿದ್ದರು ಎಂಬುದರಲ್ಲೇ ಸಂಜೆ ಕಳೆಯುತ್ತದೆ. ಅದರ ಬದಲು ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ಒಂದು ಪ್ರಶ್ನೆ ಬರೆಯಲಿ: "ಶರಣರ ಮಾತು ಗೊತ್ತಿದ್ದೂ ನಮ್ಮ ಮನೆಯಲ್ಲಿ, ಅಂಗಡಿಯಲ್ಲಿ, ಹೊಲದಲ್ಲಿ ನಡೆಸಲಿಕ್ಕೆ ಆಗದೆ ಉಳಿದದ್ದು ಯಾವುದು?" ಒಮ್ಮೆ ಹೀಗೆ ಮಾಡಿದಾಗ ಹತ್ತೊಂಬತ್ತು ಚೀಟಿ ಬಂದವು. ಏಳರಲ್ಲಿ ಮದುವೆಯ ಸಾಲದ ಮಾತಿತ್ತು. ಒಂದರಲ್ಲಿ ಪೆನ್ಸಿಲಿನಿಂದ ಬರೆದಿತ್ತು: "ಕೂಲಿಯವರಿಗೆ ಬೇರೆ ಲೋಟ ಇಟ್ಟೀವಿ." ಚೀಟಿ ಯಾರದೆಂದು ನಾವು ಕೇಳಲಿಲ್ಲ. ಆ ವರ್ಷದ ಎರಡು ಗೋಷ್ಠಿಗಳೂ ಅಲ್ಲಿಂದಲೇ ಹುಟ್ಟಿದವು.

"ವಚನ ಸಾಹಿತ್ಯ ಮತ್ತು ಸಾಮಾಜಿಕ ನ್ಯಾಯ" ಅಂತ ಶೀರ್ಷಿಕೆ ಕೊಟ್ಟರೆ ತಪ್ಪೇನು?

ತಪ್ಪಿಲ್ಲ. ಆದರೆ ಆ ಭಾಷಣ ಎಲ್ಲರ ಜೇಬಿನಲ್ಲೂ ಇದೆ. ವಚನಗಳಲ್ಲಿ ವಿಜ್ಞಾನ, ವಚನಗಳಲ್ಲಿ ಪರಿಸರ, ವಚನಗಳಲ್ಲಿ ಮ್ಯಾನೇಜ್‌ಮೆಂಟ್: ಈ ಮೂರನ್ನೂ ನಾನು ಎಷ್ಟು ಸಲ ಕೇಳಿದ್ದೇನೆಂದರೆ, ಭಾಷಣಕಾರರು ಮರೆತ ಸಾಲನ್ನು ಕೆಳಗಿನಿಂದ ನಾನೇ ಹೇಳಿಕೊಡಬಲ್ಲೆ. ಶೀರ್ಷಿಕೆ ಅಗಲವಾದಷ್ಟೂ ಪ್ರಬಂಧ ತೆಳುವಾಗುತ್ತದೆ. "ಕಾಯಕವೇ ಕೈಲಾಸ" ಅನ್ನುವ ಬದಲು "ದಿನಗೂಲಿಗೆ ಹೋಗುವವಳಿಗೆ ಕಾಯಕ ಹೇಗೆ ಕೈಲಾಸ?" ಎಂದು ಕೇಳಿ ನೋಡಿ. ಭಾಷಣಕಾರರು ಫೋನಿನಲ್ಲೇ ಒಂದು ಕ್ಷಣ ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಾದರೆ ಶೀರ್ಷಿಕೆ ಸರಿಯಾಗಿ ಬಿದ್ದಿದೆ ಎಂದು ತಿಳಿಯಿರಿ.

ಒಂದು ದಿನಕ್ಕೆ ಎಷ್ಟು ಗೋಷ್ಠಿ? ಒಂದು ಗೋಷ್ಠಿಗೆ ಎಷ್ಟು ಜನ?

ಎರಡು ಗೋಷ್ಠಿ, ಒಂದು ಸಂವಾದ. ಅದಕ್ಕಿಂತ ಹೆಚ್ಚು ಇಟ್ಟರೆ ಆಹ್ವಾನ ಪತ್ರಿಕೆ ತುಂಬುತ್ತದೆ, ಕುರ್ಚಿಗಳು ಖಾಲಿಯಾಗುತ್ತವೆ. ಒಂದು ಗೋಷ್ಠಿಗೆ ಒಂದೂವರೆ ತಾಸು ಎನ್ನಿ. ಆಶಯ ನುಡಿಗೆ 5 ನಿಮಿಷ, ತಲಾ 15 ನಿಮಿಷದ ಮೂರು ಪ್ರಬಂಧ, ಪ್ರಶ್ನೋತ್ತರಕ್ಕೆ 20, ಅಧ್ಯಕ್ಷರಿಗೆ 10. ಉಳಿಯುವ ಹತ್ತು ನಿಮಿಷ ಮೈಕು ಸರಿಪಡಿಸುವುದಕ್ಕೆ, ಸ್ವಾಗತಕ್ಕೆ, "ಬಿಳಿ ಬಣ್ಣದ ಕಾರಿನವರು ದಯವಿಟ್ಟು ಗಾಡಿ ತೆಗೆಯಬೇಕು" ಎಂಬ ಪ್ರಕಟಣೆಗೆ ಹೋಗಿಯೇ ಹೋಗುತ್ತದೆ. ನಾಲ್ಕನೆಯ ಭಾಷಣಕಾರರನ್ನು ಸೇರಿಸಿದಿರೋ, ಮೊದಲು ಸಾಯುವುದು ಪ್ರಶ್ನೋತ್ತರ.

ಉದ್ಘಾಟನೆ ಮುಗಿಯುವಷ್ಟರಲ್ಲಿ ಒಂದೂವರೆ ಆಗಿರುತ್ತದೆ. ಊಟ ಆದಮೇಲೆ ಗೋಷ್ಠಿಗೆ ಜನ ನಿಲ್ಲುವುದಿಲ್ಲ. ಏನು ಮಾಡೋಣ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ನಮ್ಮ ಸಮ್ಮೇಳನಗಳ ದೊಡ್ಡ ಕೊರತೆಯೂ ಇದೇ. ಸಾನ್ನಿಧ್ಯ, ಸಮ್ಮುಖ, ನೇತೃತ್ವ, ಉದ್ಘಾಟನೆ, ಅಧ್ಯಕ್ಷತೆ, ಪ್ರಾಸ್ತಾವಿಕ, ಗ್ರಂಥ ಬಿಡುಗಡೆ, ಮುಖ್ಯ ಅತಿಥಿಗಳು, ಅತಿಥಿಗಳು, "ಉಪಸ್ಥಿತಿ", ಕೊನೆಗೆ ದಾನಿಗಳ ಸನ್ಮಾನ. ವೇದಿಕೆಯ ಮೇಲೆ ಇಪ್ಪತ್ತೆರಡು ಕುರ್ಚಿ. ಒಬ್ಬೊಬ್ಬರಿಗೆ ಶಾಲು, ಹಾರ, ಫಲಪುಷ್ಪ, ಸ್ಮರಣಿಕೆ, ಆಮೇಲೆ ಫೋಟೋ. ಒಮ್ಮೆ ಗಡಿಯಾರ ಹಿಡಿದು ಕೂತು ಎಣಿಸಿದೆ: ಮಾಲಾರ್ಪಣೆಯೊಂದಕ್ಕೇ 38 ನಿಮಿಷ ಹಿಡಿಯಿತು.

ನಾವು ಹಿಡಿದ ದಾರಿ ಸರಳ. ಮೊದಲ ಗೋಷ್ಠಿಯನ್ನು ಬೆಳಗ್ಗೆ 9:30ಕ್ಕೆ, ಉದ್ಘಾಟನೆಗಿಂತ ಮೊದಲೇ ಇಟ್ಟೆವು. ಷಟ್‌ಸ್ಥಲ ಧ್ವಜ ಏರಿಸಿ, ಎರಡು ವಚನ ಹಾಡಿಸಿ, ನೇರ ಗೋಷ್ಠಿ. ಹಿರಿಯರು ಗೊಣಗಿದರು: "ಉದ್ಘಾಟನೆ ಆಗದ ಸಮ್ಮೇಳನದಾಗ ಗೋಷ್ಠಿ ಹ್ಯಾಂಗ?" ಶರಣರ ಸಂವಾದಗಳನ್ನು ಪೋಣಿಸಿದ ಶೂನ್ಯ ಸಂಪಾದನೆಯಲ್ಲಿ ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಹಾರ ಕಾಣುವುದಿಲ್ಲ, ಅಲ್ಲಮನ ಪ್ರಶ್ನೆಗಳೇ ಕಾಣುತ್ತವೆ ಎಂದು ನಾನೆಂದೆ. ಅವರು ಒಪ್ಪಿದರೋ ಬೇಸತ್ತರೋ ಗೊತ್ತಿಲ್ಲ, ಗೋಷ್ಠಿ ಮಾತ್ರ ನಡೆಯಿತು. ಅತಿಥಿಗಳು ಹತ್ತೂವರೆಯಿಂದ ಒಬ್ಬೊಬ್ಬರಾಗಿ ಬಂದು ಮುಂದಿನ ಸಾಲಿನಲ್ಲಿ ಕೂತರು. ಅವರಲ್ಲಿ ಕೆಲವರು ಶರಣ ಸಮ್ಮೇಳನದ ಗೋಷ್ಠಿಯೊಂದನ್ನು ಕೂತು ಕೇಳಿದ್ದು ಅದೇ ಮೊದಲಿರಬೇಕು.

ಊಟದ ನಂತರದ ಹೊತ್ತಿಗೆ ಪ್ರಬಂಧ ಬೇಡ, ಸಂವಾದ ಇಡಿ. ಗೋಧಿ ಹುಗ್ಗಿ ಉಂಡು ಬಂದವರ ಮುಂದೆ ಹಾಳೆ ಓದುವುದು ಓದುವವರಿಗೂ ಶಿಕ್ಷೆ. ಸನ್ಮಾನಗಳನ್ನೆಲ್ಲ ಸಮಾರೋಪಕ್ಕೆ ತಳ್ಳಿ.

ಶ್ರೀಗಳನ್ನು ಗೋಷ್ಠಿಯಲ್ಲಿ ಎಲ್ಲಿ ಕೂರಿಸಬೇಕು? ವಿಷಯಗಳನ್ನು ಅವರಿಗೆ ಮೊದಲೇ ತೋರಿಸಬೇಕೆ?

ತೋರಿಸಿ. ಕೇಳದೆ ಮಾಡಿ ಆಮೇಲೆ ಸಮಜಾಯಿಷಿ ಕೊಡುವುದಕ್ಕಿಂತ ಅದು ನೆಟ್ಟಗಿನ ದಾರಿ. ಆದರೆ ಹೋಗಿ ಹೇಳುವುದಕ್ಕೂ "ಅಪ್ಪಣೆಯಾದರೆ ಮಾತ್ರ" ಅನ್ನುವುದಕ್ಕೂ ಅಂತರವಿದೆ. "ಬುದ್ಧಿ, ಈ ವರ್ಷ ಈ ಮೂರು ಪ್ರಶ್ನೆ ಇಟ್ಕೊಂಡೀವಿ, ತಾವು ಕೇಳಲಿಕ್ಕೆ ಬರಬೇಕು" ಎನ್ನಿ. ಕೇಳಲಿಕ್ಕೆ ಎಂಬ ಮಾತನ್ನು ಒತ್ತಿ ಹೇಳಿ. ಸಾನ್ನಿಧ್ಯ ಉದ್ಘಾಟನೆಗೂ ಸಮಾರೋಪಕ್ಕೂ ಇರಲಿ. ಗೋಷ್ಠಿಯ ಹೊತ್ತಿಗೆ ಶ್ರೀಗಳ ಪೀಠ ಸಭೆಯ ಮುಂಭಾಗದಲ್ಲಿರಲಿ, ವೇದಿಕೆಯ ಮೇಲೆ ಬೇಡ. ಶ್ರೀಗಳು ವೇದಿಕೆಯಲ್ಲಿದ್ದರೆ ಭಾಷಣಕಾರರು ಸಭೆಗೆ ಬೆನ್ನು ತಿರುಗಿಸಿ ಅವರಿಗೇ ವರದಿ ಒಪ್ಪಿಸಿದಂತೆ ಮಾತಾಡುತ್ತಾರೆ. ಆಶೀರ್ವಚನ ಕೊನೆಗಿದೆ ಅಂದರೆ ತೀರ್ಪು ಕೊನೆಗಿದೆ ಅಂತಲೇ ಜನ ತಿಳಿಯುತ್ತಾರೆ. ಎಷ್ಟೋ ಶ್ರೀಗಳು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. ಸಾಣೇಹಳ್ಳಿಯ ಪಂಡಿತಾರಾಧ್ಯ ಸ್ವಾಮಿಗಳು 2019ರ ಆಗಸ್ಟ್‌ನಲ್ಲಿ ತಿಂಗಳಿಡೀ ಜಿಲ್ಲೆ ಜಿಲ್ಲೆ ಸುತ್ತಿ "ಮತ್ತೆ ಕಲ್ಯಾಣ" ನಡೆಸಿದಾಗ, ವಿದ್ಯಾರ್ಥಿಗಳು ಎದ್ದು ನಿಂತು ಪ್ರಶ್ನೆ ಕೇಳುವ ಸಂವಾದಕ್ಕೇ ಹೊತ್ತು ಮೀಸಲಿಟ್ಟಿದ್ದರು.

ಮಠ ಮತ್ತು ಗೃಹಸ್ಥರ ನಡುವಿನ ಈ ತೂಕ ಹೊಸದೂ ಅಲ್ಲ, ನಮ್ಮೊಬ್ಬರದೂ ಅಲ್ಲ. 1904ರಲ್ಲಿ ವೀರಶೈವ ಮಹಾಸಭೆಯನ್ನು ಹುಟ್ಟುಹಾಕಿದವರು ಹಾನಗಲ್ಲ ಕುಮಾರ ಸ್ವಾಮಿಗಳು. ಅದರ ಮೊದಲ ಅಧಿವೇಶನ ಧಾರವಾಡದಲ್ಲಿ ನಡೆಯಿತು. ಅದಕ್ಕೂ ಮೊದಲು, 1889ರ ನವೆಂಬರ್‌ನಲ್ಲಿ, ಅಮೆರಿಕದ ಬಾಲ್ಟಿಮೋರ್‌ನಲ್ಲಿ ಕ್ಯಾಥೊಲಿಕ್ ಗೃಹಸ್ಥರು ತಮ್ಮದೊಂದು ಸಮ್ಮೇಳನ ನಡೆಸಿದ್ದರು. ಅಲ್ಲಿ ಓದುವ ಪ್ರಬಂಧಗಳನ್ನೆಲ್ಲ ಬಿಷಪ್‌ಗಳ ಸಮಿತಿ ಮೊದಲೇ ನೋಡಬೇಕೆಂದು ಷರತ್ತಿತ್ತು. ಓದಿದಾಗ ನಕ್ಕುಬಿಟ್ಟೆ. ಬಾಲ್ಟಿಮೋರ್ ಆದರೇನು, ಬೈಲಹೊಂಗಲ ಆದರೇನು!

ಭಾಷಣಕಾರರನ್ನು ಎಲ್ಲಿ ಹುಡುಕುವುದು?

ಸಂತೆಯಲ್ಲಿ, ಆಸ್ಪತ್ರೆಯಲ್ಲಿ, ಎಪಿಎಂಸಿ ಅಡತಿ ಅಂಗಡಿಯಲ್ಲಿ. ತಮಾಷೆಯಲ್ಲ. ಅಂಬಿಗರ ಚೌಡಯ್ಯ ದೋಣಿ ನಡೆಸಿದವನು, ನುಲಿಯ ಚಂದಯ್ಯ ಹಗ್ಗ ಹೊಸೆದವನು, ಮೇದಾರ ಕೇತಯ್ಯ ಬುಟ್ಟಿ ಹೆಣೆದವನು, ಮಡಿವಾಳ ಮಾಚಿದೇವ ಬಟ್ಟೆ ಒಗೆದವನು, ವೈದ್ಯ ಸಂಗಣ್ಣ ಮದ್ದು ಕೊಟ್ಟವನು. ಇವರ ಹೆಸರಿನ ಮುಂದೆ ಕೂತಿರುವುದು ಕಸುಬು. ನಮ್ಮ ಗೋಷ್ಠಿಗಳಲ್ಲಿ ಹೆಸರಿನ ಹಿಂದೆ ಕೂತಿರುವುದು "ಪ್ರಾಧ್ಯಾಪಕರು, ಕನ್ನಡ ವಿಭಾಗ". ಪ್ರಾಧ್ಯಾಪಕರ ಮೇಲೆ ನನಗೆ ಸಿಟ್ಟಿಲ್ಲ, ನನ್ನ ಅಳಿಯನೂ ಅದೇ. ಆದರೆ ಮೂವರೂ ಅವರೇ ಆದರೆ ಅದು ವಿಚಾರ ಸಂಕಿರಣ.

ಒಂದು ವರ್ಷ ಇಳಕಲ್ಲಿನ ಕಡೆಯ ನೇಕಾರ ತಾಯಿಯೊಬ್ಬರನ್ನು ಕರೆಸಿದೆವು. ವಿಷಯ: ಜೇಡರ ದಾಸಿಮಯ್ಯ ಮತ್ತು ಇಂದಿನ ಮಗ್ಗ. ಅವರು ಹಾಳೆ ತಂದಿರಲಿಲ್ಲ, ಸೆರಗಿನ ಗಂಟಿನಲ್ಲಿ ಒಂದು ಲಾಳಿ ತಂದಿದ್ದರು. ಮೈಕಿನ ಮುಂದೆ ನಿಂತು, ಸೀರೆಯ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುವ ಕೊಂಡಿ ಕೆಲಸವನ್ನು ಬರಿಗೈಯಲ್ಲೇ ಮಾಡಿ ತೋರಿಸಿದರು. "ಕೊಂಡಿ ಹಾಕಿದಾಕಿ ಯಾರು ಅಂತ ಸೀರಿ ಉಟ್ಟಾಕಿಗೆ ಗೊತ್ತಾಗೂದಿಲ್ರಿ. ಒಂದು ಎಳಿ ತಪ್ಪಿದ್ರ ಮಾತ್ರ ಗೊತ್ತಾಕ್ಕೈತಿ." ಅಷ್ಟು ಹೇಳಿ, ದಾಸಿಮಯ್ಯನ "ರಾಮನಾಥ" ಅಂಕಿತದ (ವಚನಕಾರರ ಗುರುತಾಗಿ ವಚನದಲ್ಲಿ ಬರುವ ದೇವರ ಹೆಸರು) ಒಂದು ವಚನ ಹೇಳಿ ಕೂತರು. ಒಂಬತ್ತು ನಿಮಿಷ. ಆ ಗೋಷ್ಠಿಯ ಉಳಿದ ಇಬ್ಬರು ಏನು ಮಾತಾಡಿದರೆಂದು ಇವತ್ತು ನನ್ನ ಕಡತ ತೆಗೆದು ನೋಡಿದರೇ ಗೊತ್ತಾಗಬೇಕು.

ಹಾಗಾದರೆ ವಿದ್ವಾಂಸರು ಬೇಡವೇ?

ಬೇಕು. ಗೋಷ್ಠಿಗೊಬ್ಬರು, ಅದೂ ಸಾಮಾನ್ಯವಾಗಿ ಅಧ್ಯಕ್ಷ ಸ್ಥಾನದಲ್ಲಿ. ಕಸುಬಿನವರು ತಂದ ಅನುಭವವನ್ನು ವಚನದ ಪಾಠಕ್ಕೆ ಹಚ್ಚಿ ನೋಡುವುದು ಅವರ ಕೆಲಸ. "ಅವರು ಎಂ.ಎ. ಅಲ್ಲ" ಎಂದು ಯಾರನ್ನಾದರೂ ಬಿಡುವ ಮೊದಲು ಒಂದು ನೆನಪಿರಲಿ. ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲರಾಗಿದ್ದವರು. ಓಲೆಗರಿ ಹುಡುಕಿ, ಓದಿ, 1923ರಲ್ಲಿ ವಚನಗಳನ್ನು ಅಚ್ಚಿಗೆ ತಂದರು, 1926ರಲ್ಲಿ "ಶಿವಾನುಭವ" ಪತ್ರಿಕೆ ಶುರು ಮಾಡಿದರು. ಇವತ್ತು ನಾವು ವೇದಿಕೆಯಲ್ಲಿ ಉದುರಿಸುವ ವಚನಗಳ ಹಿಂದೆ ಒಬ್ಬ ಗೃಹಸ್ಥ ವಕೀಲರ ಸವೆದ ಕಣ್ಣಿದೆ.

ಮಹಿಳಾ ಗೋಷ್ಠಿ ಬೇರೆ ಇಡಬೇಕೆ?

ಇಟ್ಟರೆ ಅದು ಸಂಜೆ ನಾಲ್ಕಕ್ಕೆ ಬೀಳುತ್ತದೆ, ಅಕ್ಕಮಹಾದೇವಿಯಿಂದ ಶುರುವಾಗಿ ಅಕ್ಕಮಹಾದೇವಿಯಲ್ಲೇ ಮುಗಿಯುತ್ತದೆ, ಕೇಳಲು ಅಕ್ಕನ ಬಳಗದವರಷ್ಟೇ ಇರುತ್ತಾರೆ. ಬೇಡ. ಎಲ್ಲ ಗೋಷ್ಠಿಗಳಲ್ಲೂ ಅವರಿರಲಿ, ಅಧ್ಯಕ್ಷತೆಯಲ್ಲೂ ಇರಲಿ. ಸರ್ಕಾರ ಹೊರತಂದ ಸಮಗ್ರ ವಚನ ಸಂಪುಟಗಳ 15ರಲ್ಲಿ ಐದನೆಯದು ಇಡಿಯಾಗಿ ಶಿವಶರಣೆಯರದೇ. ಅದನ್ನು ತೆರೆದವರಿಗೆ ಅಕ್ಕನ ಜೊತೆ ಸತ್ಯಕ್ಕ, ಕದಿರೆ ರೆಮ್ಮವ್ವೆ, ಸೂಳೆ ಸಂಕವ್ವೆ, ಅಕ್ಕಮ್ಮ ಎಲ್ಲ ಸಿಗುತ್ತಾರೆ. ಗಂಡ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ "ಇದನ್ನು ಮರಳಿ ಅಲ್ಲೇ ಸುರಿದು ಬಾ" ಎಂದು ಕಳಿಸಿದ ಆಯ್ದಕ್ಕಿ ಲಕ್ಕಮ್ಮನನ್ನು "ಮಹಿಳಾ ಗೋಷ್ಠಿ"ಗೆ ಹಾಕುತ್ತೀರೋ, "ಆಸ್ತಿ ಮತ್ತು ಆಸೆ" ಗೋಷ್ಠಿಗೆ ಹಾಕುತ್ತೀರೋ?

ಆಹ್ವಾನಿಸುವಾಗ ಏನು ಹೇಳಬೇಕು?

ಫೋನಿನಲ್ಲಿ ಮಾತಾಡಿ, ಆದರೆ ಫೋನಿಗೇ ಮುಗಿಸಬೇಡಿ. "ವಿಷಯ ಏನರ ಇರ್ಲಿ ತಗೋರಿ, ನಾ ಮಾತಾಡ್ತೀನಿ" ಅನ್ನುವವರನ್ನು ಅಲ್ಲಿಗೇ ನಮಸ್ಕಾರ ಹೇಳಿ ಬಿಡಿ. ಒಪ್ಪಿದವರಿಗೆ ಅದೇ ವಾರ ಪತ್ರ ಹೋಗಬೇಕು. ನಾನು ಬಳಸುವ ಪತ್ರ ಹೆಚ್ಚುಕಡಿಮೆ ಹೀಗಿದೆ:

"ಶರಣು ಶರಣಾರ್ಥಿ. ನಮ್ಮ ಸಮ್ಮೇಳನದ ಎರಡನೆಯ ಗೋಷ್ಠಿಯಲ್ಲಿ 'ಸಾಲ ಮಾಡಿದ ಮದುವೆಯಲ್ಲಿ ದಾಸೋಹ ಎಲ್ಲಿದೆ?' ಎಂಬ ಪ್ರಶ್ನೆಗೆ ತಾವು ಪ್ರಬಂಧ ಮಂಡಿಸಬೇಕೆಂದು ಕೋರುತ್ತೇವೆ. ತಮಗೆ 15 ನಿಮಿಷ. ತಮ್ಮ ಮೊದಲು ಒಬ್ಬ ಅಡುಗೆ ಗುತ್ತಿಗೆದಾರರೂ ತಮ್ಮ ನಂತರ ಇಬ್ಬರು ಹೆಣ್ಣುಮಕ್ಕಳ ತಂದೆಯೊಬ್ಬರೂ ಮಾತಾಡುತ್ತಾರೆ. ಸಭೆಯಲ್ಲಿ ಮುನ್ನೂರು ಜನ ಇರಬಹುದು, ಹೆಚ್ಚಿನವರು ರೈತರು. ಪ್ರಬಂಧದ ಪ್ರತಿ ಸಮ್ಮೇಳನಕ್ಕೆ ಮೂರು ವಾರ ಮೊದಲು ನಮ್ಮ ಕೈ ಸೇರಬೇಕು. ಬರಲು ಹೋಗಲು ವ್ಯವಸ್ಥೆ, ಸಂಭಾವನೆ ಈ ಕೆಳಗಿನಂತಿದೆ."

ಮೊದಲು ಯಾರು, ನಂತರ ಯಾರು ಎಂದು ತಿಳಿಸುವುದನ್ನು ಬಿಡಬೇಡಿ. ತಿಳಿಸದಿದ್ದರೆ ಮೂವರೂ ಹನ್ನೆರಡನೆಯ ಶತಮಾನದಿಂದ, ಬಿಜ್ಜಳನ ಆಸ್ಥಾನದಿಂದ ಶುರು ಮಾಡುತ್ತಾರೆ.

ಪ್ರಬಂಧ ಮೊದಲೇ ಕೇಳಿದರೆ ದೊಡ್ಡವರು ಬೇಸರಪಟ್ಟುಕೊಳ್ಳುವುದಿಲ್ಲವೇ?

ಕೆಲವರು ಪಡುತ್ತಾರೆ. ನಾವು ಬರೆಸಿಕೊಳ್ಳಲು ಶುರು ಮಾಡಿದ್ದೇ ಒಂದು ಫಜೀತಿಯಿಂದ. ಹೆಸರಾಂತ ವಾಗ್ಮಿಯೊಬ್ಬರು ಬಂದು ನಲವತ್ತು ನಿಮಿಷ ಅದ್ಭುತವಾಗಿ ಮಾತಾಡಿ, ಕೊನೆಗೆ "ಈ ನಿಮ್ಮ ಊರಿನ ಪುಣ್ಯಭೂಮಿಗೆ" ಎಂದು ಬೇರೆ ತಾಲೂಕಿನ ಹೆಸರು ಹೇಳಿದರು. ಹಿಂದಿನ ವಾರ ಅವರು ಮಾತಾಡಿದ್ದು ಅಲ್ಲಿ. ಜನ ಚಪ್ಪಾಳೆ ತಟ್ಟಿದರು, ನನ್ನ ಪಕ್ಕದ ಖಜಾಂಚಿ ಮಾತ್ರ ತಲೆ ತಗ್ಗಿಸಿದ.

ಉದ್ದದ ಲೆಕ್ಕ: ಸಭೆಗೆ ಕೇಳುವ ಹಾಗೆ ನಿಧಾನವಾಗಿ ಓದಿದರೆ ನಿಮಿಷಕ್ಕೆ 80ರಿಂದ 90 ಪದ, ಇದು ನಾನು ಕಂಡುಕೊಂಡದ್ದು. 15 ನಿಮಿಷಕ್ಕೆ 1,200 ಪದ ದಾಟಬಾರದು. ಬರೆಯಲು ಬರದವರಿಗೆ, ಹಿಂಜರಿಯುವವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಮಾತಾಡಿ ಕಳಿಸಲು ಹೇಳಿ. ನಿಮ್ಮ ಸಮಿತಿಯ ಹುಡುಗನೊಬ್ಬ ಕೂತು ಬರೆದುಕೊಳ್ಳಲಿ, ಅವರ ಆಡುಮಾತನ್ನು ಪುಸ್ತಕದ ಭಾಷೆಗೆ ತಿರುಗಿಸದಿದ್ದರೆ ಸಾಕು. ಟೈಪ್ ಮಾಡಿ ಕಳಿಸುವವರಿಗೆ ಯೂನಿಕೋಡ್ ಅಂತ ಸ್ಪಷ್ಟವಾಗಿ ಹೇಳಿ. ಹಳೆಯ ನುಡಿ ಫಾಂಟಿನ ಫೈಲು ಮೊಬೈಲಿನಲ್ಲಿ ತೆರೆದರೆ ಬರೀ ಇರುವೆ ಸಾಲು ಕಾಣುತ್ತದೆ. ಡಿಟಿಪಿಯವನು ಬದಲಾಯಿಸಿ ಕೊಟ್ಟಾಗ ಅರ್ಕಾವತ್ತು, ಒತ್ತಕ್ಷರಗಳೆಲ್ಲ ಜಾಗ ಬಿಟ್ಟು ಓಡಿರುತ್ತವೆ.

ಬಂದ ಪ್ರಬಂಧವನ್ನು ತಿದ್ದಬಹುದೇ?

ಅಭಿಪ್ರಾಯವನ್ನು ಮುಟ್ಟಬೇಡಿ. ವಚನಗಳನ್ನು ಮಾತ್ರ ಒಂದೊಂದಾಗಿ ಹಿಡಿದು ನೋಡಿ. ಬಸವಣ್ಣನವರು ಹೇಳದ ಮಾತುಗಳು ಬಸವಣ್ಣನವರ ಫೋಟೋ ಹೊತ್ತು ಮೊಬೈಲಿನಲ್ಲಿ ಓಡಾಡುತ್ತಿವೆ, ನೇರ ಪ್ರಬಂಧಕ್ಕೂ ಬಂದು ಕೂರುತ್ತವೆ. ಮೊದಲ ಪರೀಕ್ಷೆ ಅಂಕಿತ. ಕೂಡಲಸಂಗಮದೇವ ಎಂದರೆ ಬಸವಣ್ಣ, ಕೂಡಲಚೆನ್ನಸಂಗಮದೇವ ಎಂದರೆ ಚೆನ್ನಬಸವಣ್ಣ. ಈ "ಚೆನ್ನ" ಒಂದು ಬಿಟ್ಟುಹೋಗಿ ಸೋದರಳಿಯನ ಮಾತು ಸೋದರಮಾವನ ಖಾತೆಗೆ ಜಮೆಯಾಗುವುದು ದಿನಾ ನಡೆಯುವ ಸಂಗತಿ. ಚೆನ್ನಮಲ್ಲಿಕಾರ್ಜುನ ಅಕ್ಕನದು, ಕಪಿಲಸಿದ್ಧಮಲ್ಲಿಕಾರ್ಜುನ ಸಿದ್ಧರಾಮನದು, ನಿಃಕಳಂಕಮಲ್ಲಿಕಾರ್ಜುನ ಮೋಳಿಗೆ ಮಾರಯ್ಯನದು. ಮಲ್ಲಿಕಾರ್ಜುನ ಕಂಡದ್ದೆಲ್ಲ ಅಕ್ಕನದಲ್ಲ. ಅಂತರ್ಜಾಲದ "ವಚನ ಸಂಚಯ"ದಲ್ಲಿ ಒಂದು ಪದ ಹಾಕಿ ಹುಡುಕಿದರೆ ಹೆಚ್ಚಿನವು ಸಿಗುತ್ತವೆ. ಅಲ್ಲೂ ಸಿಗದಿದ್ದರೆ, ಸಂಪುಟದಲ್ಲೂ ಇಲ್ಲದಿದ್ದರೆ, ಆ ಸಾಲನ್ನು ಕೈಬಿಡಲು ವಿನಯದಿಂದ ಕೇಳಿ.

ಇದು ಮೇಷ್ಟ್ರ ಕಿರಿಕಿರಿ ಅಂದುಕೊಳ್ಳಬೇಡಿ. ಬಸವಣ್ಣನವರ ವಚನಗಳ ಅಂಕಿತ ಬದಲಿಸಿ ಅಚ್ಚಾದ ಸಂಕಲನವೊಂದನ್ನು ರಾಜ್ಯ ಸರ್ಕಾರ 1998ರಲ್ಲಿ ನಿಷೇಧಿಸಿತು, 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಂಕಿತ ಅಂದರೆ ಈ ಸಮಾಜದಲ್ಲಿ ಅಷ್ಟು ಸೂಕ್ಷ್ಮ.

ಲಿಂಗಾಯತ, ವೀರಶೈವ, ಪ್ರತ್ಯೇಕ ಧರ್ಮ: ಈ ವಿಷಯ ಇಡಬಹುದೇ?

ಇಡಬಹುದು, ಆದರೆ ಧೈರ್ಯವಾಗಿ, ಮುಂಬಾಗಿಲಿನಿಂದ. 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಲಿಂಗಾಯತಕ್ಕೆ ಅಲ್ಪಸಂಖ್ಯಾತ ಧರ್ಮದ ಮಾನ್ಯತೆಗೆ ಶಿಫಾರಸು ಮಾಡಲು ನಿರ್ಧರಿಸಿತು, ಕೇಂದ್ರ ಒಪ್ಪಲಿಲ್ಲ, ಊರೂರಲ್ಲಿ ಮನೆಗಳೊಳಗೇ ಎರಡು ಮಾತಾಯಿತು. ಎರಡೂ ಕಡೆಯವರನ್ನು ಒಂದೇ ವೇದಿಕೆಯಲ್ಲಿ ಕೂರಿಸಿ ಸಮನಾದ ಹೊತ್ತು ಕೊಡಲು ನಿಮಗೆ ಆಗುವುದಾದರೆ ಒಂದು ಪೂರ್ತಿ ಗೋಷ್ಠಿ ಕೊಡಿ. ಆಗದಿದ್ದರೆ ಆ ವರ್ಷ ಬಿಡಿ. ಕೆಡುವುದು ಮೂರನೆಯ ದಾರಿಯಲ್ಲಿ: ವಿಷಯ "ಬಸವಣ್ಣನವರ ಆರ್ಥಿಕ ಚಿಂತನೆ" ಎಂದಿರುತ್ತದೆ, ಭಾಷಣಕಾರರು ಹತ್ತನೆಯ ನಿಮಿಷಕ್ಕೆ ಅಲ್ಲಿಗೆ ಹೊರಳುತ್ತಾರೆ, ಹಿಂದಿನ ಸಾಲಿನಿಂದ ಒಬ್ಬರು ಎದ್ದು ಕೂಗುತ್ತಾರೆ, ಉಳಿದ ದಿನ ಎಲ್ಲ ಅದೇ. ಪ್ರಬಂಧ ಮೊದಲೇ ಕೈಯಲ್ಲಿದ್ದರೆ ಇದು ಮೂರು ವಾರ ಮುಂಚೆಯೇ ಕಾಣುತ್ತದೆ, ಫೋನಿನಲ್ಲಿ ಮಾತಾಡಿ ಬಗೆಹರಿಸಬಹುದು.

ಶಾಸಕರು, ಮಾಜಿಗಳು, ಟಿಕೆಟ್ ಆಕಾಂಕ್ಷಿಗಳು?

ಉದ್ಘಾಟನೆಗೆ. ಗೋಷ್ಠಿಗೆ ಬಂದರೆ ಕೇಳಲು ಬರಲಿ.

ಸಂಭಾವನೆ ಎಷ್ಟು ಕೊಡಬೇಕು?

ನಿಮ್ಮ ವಂತಿಗೆ ಎಷ್ಟು ಕೂಡಿತೋ ಅದರ ಮೇಲೆ. ಎಷ್ಟಾದರೂ ಇರಲಿ, ಒಂದು ಗೋಷ್ಠಿಯ ಎಲ್ಲರಿಗೂ ಒಂದೇ ಮೊತ್ತ ಇರಲಿ. ವಿಶ್ವವಿದ್ಯಾಲಯದವರಿಗೆ ದಪ್ಪ ಲಕೋಟೆ, ಬಡಗಿಗೆ ಶಾಲು ಮಾತ್ರ ಅಂತ ಮಾಡಿ, ವೇದಿಕೆಯಲ್ಲಿ ಕಾಯಕದ ಸಮಾನತೆ ಹೇಳಿಸುವುದು ನನ್ನಿಂದಾಗದು. ದಿನಗೂಲಿಯವರು ಬಂದರೆ ಅವರ ಆ ದಿನದ ದುಡಿಮೆ ನಿಂತಿರುತ್ತದೆ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಲಕೋಟೆ ಊಟಕ್ಕೆ ಮೊದಲೇ ಕೈಗೆ ಹೋಗಲಿ. ಸಂಜೆ ಬಸ್ಸಿಗೆ ಹೊತ್ತಾಯಿತೆಂದು ಚಡಪಡಿಸುತ್ತ ಖಜಾಂಚಿಯನ್ನು ಹುಡುಕುವ ಭಾಷಣಕಾರರನ್ನು ನೋಡಿದರೆ ನನಗೇ ನಾಚಿಕೆಯಾಗುತ್ತದೆ. ಕರೆದುಕೊಂಡು ಬರುವುದಕ್ಕೆ ಕಾರು ಇರುತ್ತದೆ, ಬಿಟ್ಟುಬರುವುದಕ್ಕೆ ಯಾರೂ ಇರುವುದಿಲ್ಲ. ವಾಪಸು ಕಳಿಸುವ ಹೊಣೆಯನ್ನು ಒಬ್ಬರ ಹೆಸರಿಗೇ ಬರೆದಿಡಿ.

ಕೊನೆಗಳಿಗೆಯಲ್ಲಿ ಭಾಷಣಕಾರರು ಬರದಿದ್ದರೆ?

ಪ್ರಬಂಧ ಕೈಯಲ್ಲಿದೆಯಲ್ಲ, ಸ್ಪಷ್ಟ ಕಂಠದ ಹುಡುಗಿಯೊಬ್ಬಳಿಂದ ಓದಿಸಿ. ಎರಡು ಸಲ ಓದಿಸಿದ್ದೇವೆ. ಒಮ್ಮೆ ಮೂಲ ಲೇಖಕರೇ ಓದಿದ್ದರೆ ಇಷ್ಟು ಚೆನ್ನಾಗಿರುತ್ತಿರಲಿಲ್ಲ ಎಂದರು ಕೇಳಿದವರು. ಸಭೆಯಲ್ಲಿ ಕೂತ ಯಾರನ್ನೋ ಎಬ್ಬಿಸಿ "ಎರಡು ಮಾತು" ಆಡಿಸುವ ಅಭ್ಯಾಸ ಮಾತ್ರ ಬೇಡ. ಆ ಎರಡು ಮಾತು ಅರ್ಧ ತಾಸಿಗೆ ಕಡಿಮೆ ಆಗುವುದಿಲ್ಲ.

ಹೊತ್ತು ಮೀರಿದವರನ್ನು ನಿಲ್ಲಿಸುವುದು ಹೇಗೆ?

ಚೀಟಿ ಕೊಟ್ಟರೆ ಜೇಬಿಗೆ ಹಾಕುತ್ತಾರೆ. ಗಂಟೆ ಬಾರಿಸಿದರೆ "ಗಂಟೆ ಬಾರಿಸಿದರು, ಇರಲಿ, ಒಂದೇ ಒಂದು ಮಾತು" ಎಂದು ಹೊಸ ಅಧ್ಯಾಯ ಶುರುವಾಗುತ್ತದೆ. ನಮ್ಮಲ್ಲಿ ನಡೆದದ್ದು ಇದು: ಸಭೆಯ ಎದುರು, ಭಾಷಣಕಾರರಿಗೂ ಜನರಿಗೂ ಕಾಣುವ ಹಾಗೆ, ಶಾಲೆಯ ದೊಡ್ಡ ಗೋಡೆ ಗಡಿಯಾರ ತಂದು ಸ್ಟೂಲಿನ ಮೇಲೆ ಇಟ್ಟೆವು. ಶುರುವಿನಲ್ಲೇ ಅಧ್ಯಕ್ಷರು "ಒಬ್ಬೊಬ್ಬರಿಗೆ ಕಾಲು ತಾಸು" ಎಂದು ಘೋಷಿಸಿದರು. ಹದಿನೇಳನೆಯ ನಿಮಿಷಕ್ಕೆ ಮುಂದಿನ ಸಾಲಿನ ಅಜ್ಜನೊಬ್ಬ ಗಡಿಯಾರದ ಕಡೆಗೇ ನೋಡತೊಡಗಿದ. ಅವನ ಹಿಂದೆ ಇಡೀ ಸಾಲು ನೋಡಿತು. ಮಾತು ತಾನಾಗಿ ನಿಂತಿತು.

ಪ್ರಶ್ನೋತ್ತರಕ್ಕೆ ಯಾರೂ ಏಳುವುದಿಲ್ಲ, ಎದ್ದವರು ಕೂರುವುದಿಲ್ಲ.

"ಪ್ರಶ್ನಿ ಅಲ್ರಿ ಸರ, ನಂದೊಂದು ಅನಿಸಿಕಿ" ಅಂತ ಶುರುವಾದರೆ ನಾಲ್ಕನೆಯ ಪ್ರಬಂಧ ಬಂತು ಅಂತಲೇ ತಿಳಿಯಿರಿ. ಚೀಟಿಯಲ್ಲಿ ಬರೆಸಿಕೊಳ್ಳಿ. ಹೆಣ್ಣುಮಕ್ಕಳು, ಕಾಲೇಜಿನ ಹುಡುಗರು ಮೈಕು ಹಿಡಿಯದಿದ್ದರೂ ಚೀಟಿ ಬರೆಯುತ್ತಾರೆ, ಅದೂ ಕಟುವಾಗಿ. ಆರಿಸುವವರು ಮುಜುಗರದ ಪ್ರಶ್ನೆಗಳನ್ನು ಕೆಳಗೆ ತಳ್ಳದಂತೆ ಇಬ್ಬರು ಕೂಡಿ ಆರಿಸಲಿ. "ಜಾತಿ ಇಲ್ಲ ಅಂತೀರಿ, ನಿಮ್ಮ ಮಗನ ಮದುವೆ ಜಾಹೀರಾತಿನಲ್ಲಿ ಪಂಗಡ ಯಾಕೆ ಬರೆಸಿದ್ರಿ?" ಎಂದು ಒಂದು ಚೀಟಿ ಬಂದಿತ್ತು. ಗೋಷ್ಠಿಯ ಅಧ್ಯಕ್ಷರು ಅದನ್ನು ಗಟ್ಟಿಯಾಗಿ ಓದಿ, ಕನ್ನಡಕ ತೆಗೆದು ಒರೆಸಿಕೊಂಡು, "ತಪ್ಪಾಗೇದ" ಎಂದರು. ಆ ಇಡೀ ಸಮ್ಮೇಳನದ ಅತಿ ಚಿಕ್ಕ ಭಾಷಣ ಅದು.

ದಿನಾಂಕ ಆರಿಸುವಾಗ?

ಬಸವ ಜಯಂತಿಯ ಆಸುಪಾಸು ಬೇಡ, ಒಳ್ಳೆಯ ಭಾಷಣಕಾರರೆಲ್ಲ ಬೇರೆ ಕಡೆ ಹಂಚಿಹೋಗಿರುತ್ತಾರೆ. ಶ್ರಾವಣ ಪ್ರವಚನಗಳ ತಿಂಗಳು. ಮುಂಗಾರಿನ ಬಿತ್ತನೆ, ಹಿಂಗಾರಿ ಜೋಳದ ರಾಶಿ, ಮಾರ್ಚಿನ ಪರೀಕ್ಷೆ ತಪ್ಪಿಸಿ. ಜನವರಿ ಎರಡನೆಯ ವಾರದಲ್ಲಿ ಕೂಡಲಸಂಗಮದ ಶರಣ ಮೇಳ ಇರುತ್ತದೆ. ಉಳಿಯುವುದು ಕಡಿಮೆ, ನಮಗೆ ಡಿಸೆಂಬರ್ ಒಗ್ಗಿದೆ.

ಆಹ್ವಾನ ಪತ್ರಿಕೆಯಲ್ಲಿ ಹೆಸರುಗಳ ಕ್ರಮದ ಮೇಲೆ ಪ್ರತಿ ವರ್ಷ ಜಗಳ.

ಗೋಷ್ಠಿಯ ಪುಟದಲ್ಲಿ ಅಕಾರಾದಿ ಹಾಕಿ. ಯಾರಿಗೂ ಪೂರ್ತಿ ಸಮಾಧಾನ ಆಗುವುದಿಲ್ಲ, ಆದರೆ ಜಗಳ ವರ್ಣಮಾಲೆಯ ಜೊತೆ ಆಗುತ್ತದೆ, ನಿಮ್ಮ ಜೊತೆ ಆಗುವುದಿಲ್ಲ. ಹೆಸರಿನ ಕೆಳಗೆ ಪದವಿಯ ಬದಲು ಕಸುಬು ಬರೆಯಿರಿ: ನೇಕಾರರು, ನರ್ಸ್, ಬಸ್ ಕಂಡಕ್ಟರ್, ಪ್ರಾಧ್ಯಾಪಕರು. ಕರಡನ್ನು ಮೂವರು ನೋಡಲಿ, ಒಬ್ಬರು ಹೆಸರುಗಳನ್ನಷ್ಟೇ ನೋಡಲಿ.

ನಿರ್ಣಯಗಳು ಬೇಕೇ?

ಹನ್ನೆರಡು ನಿರ್ಣಯ ಓದಿ ಚಪ್ಪಾಳೆಯಲ್ಲಿ ಅಂಗೀಕಾರ ಪಡೆದು ಸರ್ಕಾರಕ್ಕೆ ಕಳಿಸುವುದಾದರೆ ಬೇಡ. ಒಂದೋ ಎರಡೋ ಇರಲಿ, ಸರ್ಕಾರ ಮಾಡಬೇಕಾದ್ದಲ್ಲ, ಸಭೆಯಲ್ಲಿ ಕೂತವರೇ ಮಾಡಬೇಕಾದ್ದು. ಮದುವೆ ಸಾಲದ ಗೋಷ್ಠಿಯಾದ ವರ್ಷ, ಊಟಕ್ಕೆ ಐದೇ ಪದಾರ್ಥ ಎಂದು ನಿರ್ಣಯವಾಯಿತು. ಆರು ಮನೆಯವರು ಕೈ ಎತ್ತಿದರು. ಅದರಲ್ಲಿ ನಾಲ್ಕು ಮನೆಯ ಮದುವೆಗೆ ನಾನು ಹೋಗಿದ್ದೆ. ಎರಡರಲ್ಲಿ ಐದಿತ್ತು, ಒಂದರಲ್ಲಿ ಏಳು. ಇನ್ನೊಂದನ್ನು ಎಣಿಸಲಿಲ್ಲ.

ಪ್ರಬಂಧಗಳನ್ನು ಪುಸ್ತಕ ಮಾಡಬೇಕೆ?

ಸ್ಮರಣ ಸಂಚಿಕೆ ಅಂದರೆ ಎಂಬತ್ತು ಪುಟ ಶುಭಾಶಯದ ಜಾಹೀರಾತು, ನಡುವೆ ಸಿಕ್ಕಿಬಿದ್ದ ನಾಲ್ಕು ಲೇಖನ. ಅದರ ಬದಲು ಪ್ರಬಂಧಗಳನ್ನು, ಬಂದ ಚೀಟಿ ಪ್ರಶ್ನೆಗಳ ಸಮೇತ, ನಲವತ್ತು ಪುಟದ ಕಿರುಹೊತ್ತಿಗೆ ಮಾಡಿ ಯುಗಾದಿಯೊಳಗೆ ಹಂಚಿ. ನೇಕಾರ ತಾಯಿಯ ಒಂಬತ್ತು ನಿಮಿಷ ನಮ್ಮ ಹೊತ್ತಿಗೆಯಲ್ಲಿ ಒಂದೂವರೆ ಪುಟ ಬಂದಿದೆ. ಪ್ರತಿಯನ್ನು ಅಂಚೆಗೆ ಹಾಕಿದ್ದೆವು. ತಲುಪಿದ ದಿನ ಫೋನು ಮಾಡಿ, "ಸರ, ಕೊಂಡಿ ಅನ್ನೂದು ಕಂಡಿ ಅಂತ ಅಚ್ಚಾಗೇತ್ರಿ" ಎಂದರು. ಮೂವರು ಕರಡು ನೋಡಿದ್ದೆವು. ಮುನ್ನೂರು ಪ್ರತಿಗಳಲ್ಲೂ ಪೆನ್ನು ಹಿಡಿದು ಕೊಂಬು-ಏತ್ವ ತಿದ್ದಲು ನನಗೆ ಎರಡು ಸಂಜೆ ಹಿಡಿಯಿತು.